ಡಾಕ್ಟರ್ ಓದಿಗೆ ಸರಕಾರಿ ಸೀಟೋ, ಖಾಸಗಿ ಸೀಟೋ? ತೋಟ ಮಾರುವ ಮೊದಲು ಒಂದಿಷ್ಟು ಲೆಕ್ಕ

ಪಿಯುಸಿ ಮತ್ತು ನೀಟ್ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಧರ್ಮಗುರುಗಳ ಬಳಿ ಬರುವ ಪ್ರಶ್ನೆಗಳಲ್ಲಿ ಒಂದು ಪ್ರತಿ ವರ್ಷವೂ ತಪ್ಪುವುದಿಲ್ಲ. "ಫಾದರ್, ಮಗಳಿಗೆ ಕಾರವಾರದ ಸರಕಾರಿ ಕಾಲೇಜಿನಲ್ಲಿ ಸೀಟು ಸಿಗಬಹುದು ಅಂತ ಹೇಳ್ತಾರೆ. ಇಲ್ಲೇ ಮಂಗಳೂರಿನಲ್ಲಿ ಪ್ರೈವೇಟ್ ಸೀಟೂ ಸಿಗ್ತದೆ. ಅಷ್ಟು ದೂರ ಕಳಿಸುವುದು ಬೇಡ ಅಂತ ಇವಳು. ಒಂದೆಕರೆ ಅಡಿಕೆ ತೋಟ ಕೊಟ್ಟರೆ ಹಣಕ್ಕೆ ದಾರಿ ಆದೀತು. ನೀವೇನು ಹೇಳ್ತೀರಿ?"

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಕಡೆಯ ಒಬ್ಬ ಕೃಷಿಕರು ಹೆಂಡತಿ ಮತ್ತು ಮಗಳೊಂದಿಗೆ ಬಂದು ಹೀಗೆ ಕೇಳಿದ್ದರು. ಅವರಿಗೆ ಉತ್ತರ ಹೇಳಬೇಕಾದರೆ ಮೊದಲು ನಾನೇ ಹಲವು ವಿಷಯ ತಿಳಿದುಕೊಳ್ಳಬೇಕಾಯಿತು. ಬಲ್ಲವರನ್ನು ಕೇಳಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆತ್ತವರಿಗೂ, ಹೆತ್ತವರು ಸಲಹೆ ಕೇಳುವ ಗುರಿಕಾರರಿಗೂ ಶಿಕ್ಷಕರಿಗೂ ಇದು ಉಪಯೋಗಕ್ಕೆ ಬಂದರೆ ಸಾಕು.

ಕಾಲೇಜು ಬೇರೆ, ಸೀಟು ಬೇರೆ

ನಾವು ಮಾಡುವ ಮೊದಲ ತಪ್ಪು ಎಂದರೆ "ಸರಕಾರಿ ಕಾಲೇಜೋ, ಖಾಸಗಿ ಕಾಲೇಜೋ" ಎಂದು ಕೇಳುವುದು. ನಿಜವಾಗಿ ಕೇಳಬೇಕಾದದ್ದು "ಸೀಟು ಯಾವ ಬಗೆಯದು?" ಎಂದು. ಒಂದೇ ಖಾಸಗಿ ಕಾಲೇಜಿನ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತಿರುವ ಮೂವರು ವಿದ್ಯಾರ್ಥಿಗಳು ಮೂರು ಬಗೆಯ ಶುಲ್ಕ ಕಟ್ಟಿರುತ್ತಾರೆ. ಪಾಠ ಒಂದೇ, ಪರೀಕ್ಷೆ ಒಂದೇ, ಕೊನೆಗೆ ಸಿಗುವ ಪದವಿಯೂ ಒಂದೇ.

ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟುಗಳನ್ನು ಹೀಗೆ ವಿಂಗಡಿಸಬಹುದು.

ಒಂದು, ಸರಕಾರಿ ಕಾಲೇಜಿನ ಸೀಟು. ಇದರಲ್ಲಿ ಶೇ. 15ರಷ್ಟು ಅಖಿಲ ಭಾರತ ಕೋಟಾ. ಅದನ್ನು ದಿಲ್ಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ, ಹಂಚುತ್ತದೆ. ಉಳಿದದ್ದನ್ನು ಹಂಚುವುದು ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ). ಬೋಧನಾ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 60 ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ.

ಎರಡು, ಖಾಸಗಿ ಕಾಲೇಜಿನಲ್ಲಿರುವ ಸರಕಾರಿ ಕೋಟಾದ ಸೀಟು. ಸಾಮಾನ್ಯ ಖಾಸಗಿ ಕಾಲೇಜುಗಳಲ್ಲಿ ನೂರಕ್ಕೆ 40 ಸೀಟು ಈ ಬಗೆಯವು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಕಡಿಮೆ. ಶುಲ್ಕ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ.

ಮೂರು, ಅದೇ ಕಾಲೇಜಿನ ಖಾಸಗಿ ಕೋಟಾದ ಸೀಟು. ಇದನ್ನೂ ಕೆಇಎ ಮೂಲಕವೇ, ನೀಟ್ ರ‍್ಯಾಂಕ್ ನೋಡಿಯೇ ಹಂಚುತ್ತಾರೆ. ಆದರೆ ಶುಲ್ಕ ವರ್ಷಕ್ಕೆ 10ರಿಂದ 12 ಲಕ್ಷ ರೂಪಾಯಿಯ ಆಸುಪಾಸು.

ನಾಲ್ಕು, ಎನ್‌ಆರ್‌ಐ ಮತ್ತು ಮ್ಯಾನೇಜ್‌ಮೆಂಟ್ ಸೀಟು. ಶುಲ್ಕ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಐದು, ಡೀಮ್ಡ್ ವಿಶ್ವವಿದ್ಯಾನಿಲಯದ ಸೀಟು. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿಗಳು, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೇನೆಪೋಯ ಕಾಲೇಜುಗಳು ಈ ಸಾಲಿನವು. ಇಲ್ಲಿಯ ಎಲ್ಲ ಸೀಟುಗಳನ್ನೂ ಎಂಸಿಸಿ ಹಂಚುತ್ತದೆ. ರಾಜ್ಯ ಸರಕಾರದ ಕೋಟಾ ಎಂಬುದು ಇಲ್ಲಿಲ್ಲ. ಶುಲ್ಕ ಸಾಮಾನ್ಯವಾಗಿ ವರ್ಷಕ್ಕೆ 15 ಲಕ್ಷಕ್ಕೂ ಮೇಲೆ.

ಈ ಶುಲ್ಕಗಳು ವರ್ಷ ವರ್ಷ ಬದಲಾಗುತ್ತವೆ. ಆದ್ದರಿಂದ ಸೇರುವ ವರ್ಷದ ಅಧಿಕೃತ ಪಟ್ಟಿಯನ್ನೇ ನೋಡಬೇಕು. ಆದರೆ ಇವುಗಳ ನಡುವಿನ ಅಂತರ ಬಹಳ ವರ್ಷಗಳಿಂದ ಹೀಗೆಯೇ ಇದೆ. ಗಮನಿಸಿ ನೋಡಿದರೆ ದೊಡ್ಡ ಹಾರಿಕೆ ಇರುವುದು ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಅಲ್ಲ. ಅದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಮನೆಯವರು ಕುಳಿತು ಮಾತಾಡಬೇಕಾದ ಗೆರೆ ಅದೇ.

ನಮ್ಮ ಕರಾವಳಿಯ ವಿಶೇಷ ಸ್ಥಿತಿ

ಬೇರೆ ಜಿಲ್ಲೆಯವರಿಗೆ ಮೆಡಿಕಲ್ ಕಾಲೇಜು ಎಂದರೆ ಮೊದಲು ನೆನಪಾಗುವುದು ಸರಕಾರಿ ಕಾಲೇಜು. ನಮಗೆ ಹಾಗಲ್ಲ. ಅದಕ್ಕೆ ಕಾರಣವುಂಟು. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದಾಗ ಖಾಸಗಿಯವರು ವಿದ್ಯಾರ್ಥಿಗಳ ಹಣದಿಂದಲೇ ಮೆಡಿಕಲ್ ಕಾಲೇಜು ನಡೆಸುವುದು ದೇಶಕ್ಕೇ ಹೊಸದು. 1955ರಲ್ಲಿ ಮಂಗಳೂರಿನ ಕೆಎಂಸಿ ಬಂತು. ಅದಕ್ಕೆ ಸ್ವಂತ ಆಸ್ಪತ್ರೆಗಿಂತ ಮೊದಲು ದೊರೆತದ್ದು ಸರಕಾರದ ವೆನ್ಲಾಕ್ ಮತ್ತು ಲೇಡಿಗೋಶನ್ ಆಸ್ಪತ್ರೆಗಳು. ಇಂದಿಗೂ ಅಲ್ಲಿಯ ವಾರ್ಡುಗಳಲ್ಲಿ ಕೆಎಂಸಿಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಬಳಿಕ ಒಂದೊಂದಾಗಿ ಹಲವು ಖಾಸಗಿ ಕಾಲೇಜುಗಳು ತಲೆಯೆತ್ತಿದವು. 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯ ಮರದಡಿಯಲ್ಲಿ ಹೋಮಿಯೋಪಥಿ ಔಷಧ ಹಂಚಲು ಆರಂಭಿಸಿದ ಸೇವೆ ಬೆಳೆದು 1999ರಲ್ಲಿ ಮೆಡಿಕಲ್ ಕಾಲೇಜೂ ಆಯಿತು.

ಹೀಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳು ಸಾಲಾಗಿ ಇದ್ದರೂ ಇದನ್ನು ಬರೆಯುವ ಹೊತ್ತಿಗೆ ಪಾಠ ನಡೆಸುತ್ತಿರುವ ಸರಕಾರಿ ಮೆಡಿಕಲ್ ಕಾಲೇಜು ಒಂದೂ ಇಲ್ಲ. ಪುತ್ತೂರಿಗೆ ಒಂದು ಬೇಕೆಂಬುದು ಹಲವು ವರ್ಷಗಳ ಬೇಡಿಕೆ. ಸದ್ಯಕ್ಕೆ ನಮಗೆ ಹತ್ತಿರದ ಸರಕಾರಿ ಕಾಲೇಜುಗಳೆಂದರೆ ಕಾರವಾರ, ಮಡಿಕೇರಿ, ಶಿವಮೊಗ್ಗ, ಹಾಸನ, ಚಿಕ್ಕಮಗಳೂರು. ಕಾರವಾರದ್ದೂ ಮಡಿಕೇರಿಯದ್ದೂ ಆರಂಭವಾದದ್ದು 2016ರಲ್ಲಿ.

ಇದರ ಪರಿಣಾಮ ಏನೆಂದರೆ, ಸರಕಾರಿ ಸೀಟು ಎಂದರೆ ಮಗುವನ್ನು ಊರು ಬಿಟ್ಟು ಕಳಿಸುವುದು, ಖಾಸಗಿ ಎಂದರೆ ಮನೆಯ ಹತ್ತಿರ ಓದಿಸುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹತ್ತಿರ ಎಂಬ ಒಂದೇ ಕಾರಣಕ್ಕೆ ನಲವತ್ತು ಲಕ್ಷಕ್ಕೂ ಮಿಕ್ಕಿ ಹೆಚ್ಚು ಕೊಡುತ್ತಿದ್ದೇವೆ ಎಂಬುದು ಆ ಗಡಿಬಿಡಿಯಲ್ಲಿ ಗಮನಕ್ಕೇ ಬರುವುದಿಲ್ಲ.

ಹಣದ ಲೆಕ್ಕ ಕಾಗದದ ಮೇಲೆ ಬರಲಿ

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಬಳಿಕ ಒಂದು ವರ್ಷದ ಇಂಟರ್ನ್‌ಶಿಪ್. ಸರಕಾರಿ ಕಾಲೇಜಿನ ಬೋಧನಾ ಶುಲ್ಕ ಒಟ್ಟು ಸುಮಾರು 3 ಲಕ್ಷ. ಖಾಸಗಿ ಕಾಲೇಜಿನ ಸರಕಾರಿ ಕೋಟಾದಲ್ಲಿ ಸುಮಾರು 7 ಲಕ್ಷ. ಖಾಸಗಿ ಕೋಟಾದಲ್ಲಿ ವರ್ಷಕ್ಕೆ 11 ಲಕ್ಷ ಎಂದು ಹಿಡಿದರೂ ಒಟ್ಟು 50 ಲಕ್ಷದ ಹತ್ತಿರ. ಹಾಸ್ಟೆಲ್, ಊಟ, ಪುಸ್ತಕ, ಇತರ ಶುಲ್ಕಗಳು ಇದರ ಮೇಲೆ.

"ಬ್ಯಾಂಕಿನವರು ಲೋನ್ ಕೊಡ್ತಾರಲ್ಲ" ಎನ್ನುವವರಿದ್ದಾರೆ. ಕೊಡುತ್ತಾರೆ. ಆದರೆ ಆ 50 ಲಕ್ಷವನ್ನು ವರ್ಷ ವರ್ಷ ಕಂತಿನಲ್ಲಿ ಪಡೆದು, ಶೇ. 10ರ ಸಾಮಾನ್ಯ ಬಡ್ಡಿ ಹಿಡಿದರೂ, ಓದು ಮತ್ತು ಇಂಟರ್ನ್‌ಶಿಪ್ ಮುಗಿದು ಒಂದು ವರ್ಷದ ಬಳಿಕ ಮರುಪಾವತಿ ಆರಂಭವಾಗುವ ಹೊತ್ತಿಗೆ ಬಡ್ಡಿಯೇ ಸುಮಾರು 23 ಲಕ್ಷ ಆಗಿರುತ್ತದೆ. ಆ ಒಟ್ಟು ಮೊತ್ತವನ್ನು 15 ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು 78 ಸಾವಿರ ರೂಪಾಯಿ ದಾಟುತ್ತದೆ. ಬರೀ ಎಂಬಿಬಿಎಸ್ ಮುಗಿಸಿ ಡ್ಯೂಟಿ ಡಾಕ್ಟರ್ ಆಗಿ ಸೇರುವ ಹುಡುಗನೋ ಹುಡುಗಿಯೋ ತನ್ನ ಸಂಬಳದಲ್ಲಿ ಇದನ್ನು ಕಟ್ಟಲು ಸಾಧ್ಯವೇ ಎಂದು ಊರಿನ ಯುವ ವೈದ್ಯರನ್ನೇ ಕೇಳಿ ನೋಡಿ.

ಇನ್ನೊಂದು ಮಾತು. ಎಂಬಿಬಿಎಸ್ ಇಂದು ಓದಿನ ಕೊನೆಯಲ್ಲ. ಹೆಚ್ಚಿನವರು ಎಂಡಿ, ಎಂಎಸ್ ಮಾಡಬಯಸುತ್ತಾರೆ. ಅದಕ್ಕೆ ನೀಟ್-ಪಿಜಿ ಎಂಬ ಇನ್ನೊಂದು ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ನೀವು ಯಾವ ಕಾಲೇಜಿನಲ್ಲಿ ಓದಿದಿರಿ, ಎಷ್ಟು ಶುಲ್ಕ ಕೊಟ್ಟಿರಿ ಎಂದು ಕೇಳುವುದಿಲ್ಲ. ಅಲ್ಲಿಯೂ ಸರಕಾರಿ ಸೀಟು ಸಿಗದಿದ್ದರೆ ಖಾಸಗಿ ಸೀಟಿಗೆ ಮತ್ತೆ ದೊಡ್ಡ ಮೊತ್ತ ಬೇಕು. ಇದ್ದದ್ದೆಲ್ಲವನ್ನೂ ಮೊದಲ ಪದವಿಗೇ ಸುರಿದವರು ಎರಡನೆಯದಕ್ಕೆ ಕೈಚೆಲ್ಲಿ ಕೂರುತ್ತಾರೆ. ತೋಟ ಮಾರಲೇಬೇಕಾದ ಕಾಲ ಬಂದರೆ ಅದು ಪಿಜಿಗೆ ಇರಲಿ ಎಂದು ಒಬ್ಬ ಹಿರಿಯ ವೈದ್ಯರು ನನಗೆ ಹೇಳಿದ್ದರು. ಆ ಮಾತಿನಲ್ಲಿ ತಿರುಳಿದೆ.

ಮನೆಯಲ್ಲಿ ಇನ್ನೊಂದು ಮಗುವೂ ಇದೆ ಎಂಬುದನ್ನು ಮರೆಯಬಾರದು. ಡಾಕ್ಟರ್ ಆಗುವ ಒಬ್ಬರಿಗಾಗಿ ತೋಟ ಹೋದರೆ ಐಟಿಐಗೋ ಡಿಪ್ಲೊಮಾಕ್ಕೋ ಹೋಗುವ ತಮ್ಮನ ಪಾಲಿನದ್ದೂ ಹೋಗಿರುತ್ತದೆ. ಅವನು ಬಾಯಿಬಿಟ್ಟು ಹೇಳದಿರಬಹುದು. ಹತ್ತು ವರ್ಷದ ಬಳಿಕ ಅದೇ ಮನಸ್ತಾಪವಾಗಿ ಹೊರಬರುವುದನ್ನು ಧರ್ಮಗುರುಗಳಾದ ನಾವು ಬೇಕಾದಷ್ಟು ಕಂಡಿದ್ದೇವೆ.

ಕಲಿಕೆಯಲ್ಲಿ ವ್ಯತ್ಯಾಸ ಉಂಟೇ?

ಉಂಟು. ಆದರೆ ಜನ ಭಾವಿಸುವ ರೀತಿಯಲ್ಲಿ ಅಲ್ಲ.

ಸುಳ್ಯದ ಕೆ.ವಿ.ಜಿ., ಮಂಗಳೂರಿನ ಫಾದರ್ ಮುಲ್ಲರ್, ಎ.ಜೆ. ಮುಂತಾದ ಕಾಲೇಜುಗಳೂ ಕಾರವಾರ, ಹಾಸನ, ಶಿವಮೊಗ್ಗಗಳ ಸರಕಾರಿ ಕಾಲೇಜುಗಳೂ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೇ ಸೇರಿವೆ. ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ ಪ್ರಮಾಣಪತ್ರ. ಡೀಮ್ಡ್ ವಿಶ್ವವಿದ್ಯಾನಿಲಯಗಳು ಮಾತ್ರ ತಮ್ಮ ಪರೀಕ್ಷೆಗಳನ್ನು ತಾವೇ ನಡೆಸುತ್ತವೆ. ಎಲ್ಲ ಕಾಲೇಜುಗಳ ಮೇಲೂ 2020ರಲ್ಲಿ ಹಿಂದಿನ ಮೆಡಿಕಲ್ ಕೌನ್ಸಿಲಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಂತ್ರಣವಿದೆ.

ವೈದ್ಯ ವಿದ್ಯಾರ್ಥಿಗೆ ದೊಡ್ಡ ಪಾಠಪುಸ್ತಕ ರೋಗಿಯೇ. ಜಿಲ್ಲಾಸ್ಪತ್ರೆಗಳಲ್ಲಿ ಬೆಳಗ್ಗಿನಿಂದಲೇ ಸಾಲು. ಜ್ವರ, ಹಾವು ಕಡಿತ, ಅಪಘಾತ, ಹೆರಿಗೆ, ಕ್ಷಯ ಎಲ್ಲವೂ ಅಲ್ಲಿಗೇ ಬರುತ್ತವೆ. ಇಂಟರ್ನ್‌ಗಳಿಗೆ ಹೊಲಿಗೆ ಹಾಕುವುದು, ಹೆರಿಗೆ ನೋಡಿಕೊಳ್ಳುವುದು ಮೊದಲಾದ ಕೆಲಸಗಳನ್ನು ಸ್ವತಃ ಮಾಡಿ ಕಲಿಯುವ ಅವಕಾಶ ಹೆಚ್ಚು. ಆದರೆ ಎಲ್ಲ ಸರಕಾರಿ ಕಾಲೇಜುಗಳೂ ಒಂದೇ ಬಗೆಯವಲ್ಲ. 1924ರ ಮೈಸೂರು ಮೆಡಿಕಲ್ ಕಾಲೇಜಿಗೂ ನಿನ್ನೆ ಮೊನ್ನೆ ಆರಂಭವಾದ ಕಾಲೇಜಿಗೂ ಹೋಲಿಕೆ ಸಲ್ಲದು. ಹೊಸ ಕಾಲೇಜುಗಳಲ್ಲಿ ಅಧ್ಯಾಪಕರ ಕೊರತೆ, ಹಾಸ್ಟೆಲಿನ ಕೊರತೆ, ಕೆಲವು ವಿಭಾಗಗಳೇ ಪೂರ್ಣವಾಗಿಲ್ಲದಿರುವುದು ಇವೆಲ್ಲ ಇರಬಹುದು.

ಖಾಸಗಿ ಕಾಲೇಜುಗಳಲ್ಲಿಯೂ ಹಾಗೆಯೇ. ಹಳೆಯ, ಹೆಸರಾದ ಆಸ್ಪತ್ರೆ ಇರುವ ಕಾಲೇಜಿನಲ್ಲಿ ರೋಗಿಗಳೂ ಹೆಚ್ಚು, ಸಲಕರಣೆಗಳೂ ಹೆಚ್ಚು, ಅಧ್ಯಾಪಕರೂ ಪದೇ ಪದೇ ವರ್ಗವಾಗಿ ಹೋಗುವುದಿಲ್ಲ. ಆಸ್ಪತ್ರೆ ಇನ್ನೂ ಜನರ ನಂಬಿಕೆ ಗಳಿಸದ ಕಾಲೇಜಿನಲ್ಲಿ ಮಂಚಗಳಿದ್ದರೂ ರೋಗಿಗಳಿರುವುದಿಲ್ಲ.

ಆದ್ದರಿಂದ ಕಟ್ಟಡ ನೋಡಿ ಮರುಳಾಗಬೇಡಿ. ಕಾಲೇಜಿನ ಮೂರನೆಯ, ನಾಲ್ಕನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಹುಡುಕಿ ನಾಲ್ಕು ಪ್ರಶ್ನೆ ಕೇಳಿ: ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಎಷ್ಟು ಜನ ಬರುತ್ತಾರೆ? ಇಂಟರ್ನ್‌ಗಳಿಗೆ ಕೈಯಾರೆ ಕೆಲಸ ಮಾಡಲು ಬಿಡುತ್ತಾರೆಯೇ? ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ನಿಜವಾಗಿ ಕೈಗೆ ಬರುತ್ತದೆಯೇ? ಅಲ್ಲಿ ಪಿಜಿ ಕೋರ್ಸುಗಳು ಇವೆಯೇ? ಈ ಉತ್ತರಗಳು ಬಣ್ಣದ ಪ್ರಾಸ್ಪೆಕ್ಟಸಿನಲ್ಲಿ ಇರುವುದಿಲ್ಲ.

ಸರಕಾರಿ ಸೀಟಿಗೆ ಒಂದು ಹೊಣೆಯೂ ಅಂಟಿಕೊಂಡಿದೆ. ಕರ್ನಾಟಕದಲ್ಲಿ ವೈದ್ಯಕೀಯ ಓದಿದವರಿಗೆ ಒಂದು ವರ್ಷದ ಗ್ರಾಮೀಣ ಸೇವೆಯ ಕಾನೂನು 2012ರಲ್ಲಿ ಬಂತು. ಬಳಿಕ ಅದಕ್ಕೆ ತಿದ್ದುಪಡಿಗಳೂ ಆಗಿವೆ. ಸೇರುವ ವರ್ಷದಲ್ಲಿ ನಿಯಮ ಹೇಗಿದೆ, ಯಾವ ಬಾಂಡಿಗೆ ಸಹಿ ಹಾಕಬೇಕು ಎಂದು ಓದಿ ತಿಳಿಯಿರಿ. ಇದನ್ನು ಶಿಕ್ಷೆ ಎಂದು ಭಾವಿಸಬೇಕಾಗಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ನಿಂತು ನಿರ್ಧಾರ ತೆಗೆದುಕೊಂಡ ಒಂದು ವರ್ಷ ಯುವ ವೈದ್ಯರನ್ನು ಬೆಳೆಸುತ್ತದೆ.

ಅಲ್ಪಸಂಖ್ಯಾತ ಸೀಟು ಮತ್ತು ನಾವು ಮಾಡಿಸದ ಪ್ರಮಾಣಪತ್ರಗಳು

ಕ್ರೈಸ್ತ ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಕ್ರೈಸ್ತ ವಿದ್ಯಾರ್ಥಿಗಳಿಗೆ ಮೀಸಲಾದ ಸೀಟುಗಳಿವೆ. ಫಾದರ್ ಮುಲ್ಲರ್ ಕಾಲೇಜು, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಅಧೀನದಲ್ಲಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೈಂಟ್ ಜಾನ್ಸ್ ಕಾಲೇಜು ಇವು ನಮಗೆ ಪರಿಚಿತ. ಸೈಂಟ್ ಜಾನ್ಸ್‌ನಲ್ಲಿ ಕಲಿತವರು ವೈದ್ಯಕೀಯ ಸೌಲಭ್ಯ ಕಡಿಮೆಯಿರುವ ಪ್ರದೇಶಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರು ಇದೆ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಇಂಥ ಸೇವೆಯ ಪದ್ಧತಿ ಉಂಟು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. "ನಮ್ಮದೇ ಕಾಲೇಜು, ಬಿಷಪರಿಂದ ಒಂದು ಚೀಟಿ ಸಿಕ್ಕಿದರೆ ಸಾಕು" ಎಂಬ ಕಾಲ ಮುಗಿದಿದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಏಪ್ರಿಲ್‌ನಲ್ಲಿ ವೆಲ್ಲೂರು ಕಾಲೇಜಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮೀಸಲು ಸೀಟೂ ರ‍್ಯಾಂಕಿನ ಕ್ರಮದಲ್ಲಿಯೇ ಹೋಗುತ್ತದೆ. ಧರ್ಮಾಧ್ಯಕ್ಷರಾಗಲಿ ಧರ್ಮಗುರುವಾಗಲಿ ಸೀಟು ಕೊಡಿಸಲಾರರು. ಇನ್ನೊಂದು ಎಚ್ಚರಿಕೆಯೆಂದರೆ, ಅಲ್ಪಸಂಖ್ಯಾತ ಸೀಟು ಎಂದ ಮಾತ್ರಕ್ಕೆ ಶುಲ್ಕ ಕಡಿಮೆ ಎಂದು ಅರ್ಥವಲ್ಲ. ಅದು ಯಾವ ಶುಲ್ಕದ ಸಾಲಿನಲ್ಲಿದೆ ಎಂದು ನೋಡಿಯೇ ಆಯ್ಕೆ ಮಾಡಬೇಕು.

ಇದಕ್ಕಿಂತ ಬೇಸರದ ಸಂಗತಿ ಪ್ರಮಾಣಪತ್ರಗಳದ್ದು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿ ಇದ್ದಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಮಿತಿಯೊಳಗಿದ್ದು ಉಳಿದ ಷರತ್ತುಗಳೂ ಹೊಂದಿದರೆ ಸರಕಾರಿ ಸೀಟುಗಳಲ್ಲಿ ಈ ಪ್ರವರ್ಗದ ಶೇ. 5ರ ಮೀಸಲಾತಿ ಕೇಳಬಹುದು. "ನಮಗೆ ಜಾತಿ ಇಲ್ಲವಲ್ಲ ಫಾದರ್, ಜಾತಿ ಸರ್ಟಿಫಿಕೇಟು ಯಾಕೆ?" ಎಂದು ಕೇಳುವವರು ಈಗಲೂ ಇದ್ದಾರೆ. ಹೆಸರಿಗೆ ಜಾತಿ ಪ್ರಮಾಣಪತ್ರ ಎಂದಿದ್ದರೂ ಇದು ಸರಕಾರದ ಪ್ರವರ್ಗದ ದಾಖಲೆ ಅಷ್ಟೇ. ಸಾಮಾನ್ಯ ವರ್ಗಕ್ಕೂ 3ಬಿಗೂ ಕಟಾಫ್ ಅಂತರ ದೊಡ್ಡದಿಲ್ಲದಿರಬಹುದು. ಆದರೆ ಆ ಸಣ್ಣ ಅಂತರವೇ 3 ಲಕ್ಷದ ಸೀಟು ಮತ್ತು 50 ಲಕ್ಷದ ಸೀಟಿನ ನಡುವಿನ ಅಂತರವೂ ಆಗಬಹುದು.

ಇದರೊಂದಿಗೆ ಒಂದರಿಂದ ಹತ್ತನೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇವೆ. ನಮ್ಮ ಎಷ್ಟೋ ಧರ್ಮಕೇಂದ್ರಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಓದಿದ ಮಕ್ಕಳು ಇದಕ್ಕೆ ಅರ್ಹರು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ತಹಶೀಲ್ದಾರರಿಂದ ಪಡೆಯುವ ಪತ್ರಗಳ ಆರ್.ಡಿ. ಸಂಖ್ಯೆ ಕೆಇಎ ಅರ್ಜಿಗೆ ಬೇಕು. ಕೆಲವು ಸಂಸ್ಥೆಗಳು ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ಧರ್ಮಗುರುಗಳ ಪತ್ರವನ್ನೂ ಕೇಳುತ್ತವೆ. ಕೊನೆಯ ದಿನ ಧರ್ಮಕೇಂದ್ರದ ಕಚೇರಿಗೆ ಓಡಿ ಬರುವ ಬದಲು ಪಿಯುಸಿ ಎರಡನೆಯ ವರ್ಷದ ಆರಂಭದಲ್ಲೇ ಇವನ್ನು ಮಾಡಿಸಿಟ್ಟುಕೊಳ್ಳಿ.

ಗಲ್ಫಿನಲ್ಲಿ ದುಡಿಯುವವರಿಗೂ ಒಂದು ಮಾತು. ರಾಜ್ಯದ ಸರಕಾರಿ ಕೋಟಾಕ್ಕೆ ಸಾಮಾನ್ಯ ನಿಯಮವೆಂದರೆ ವಿದ್ಯಾರ್ಥಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಹತ್ತನೆಯದೋ ಹನ್ನೆರಡನೆಯದೋ ಇಲ್ಲಿಯೇ ಪಾಸಾಗಿರಬೇಕು. ಹೆತ್ತವರು ಇಲ್ಲಿ ಓದಿದವರಾಗಿದ್ದರೆ ಕೆಲವು ವಿನಾಯಿತಿಗಳಿವೆ. ಮಗುವನ್ನು ಪಿಯುಸಿಗೆ ಊರಿಗೆ ಕಳಿಸಬೇಕೇ ಬೇಡವೇ ಎಂದು ನಿರ್ಧರಿಸುವ ಮೊದಲು ಈ ನಿಯಮವನ್ನು ಓದಿಕೊಳ್ಳಿ. ದೂರದ ಸಂಬಂಧಿಯ ಹೆಸರಿನಲ್ಲಿ ಎನ್‌ಆರ್‌ಐ ಸೀಟು ಪಡೆಯುವ ದಾರಿಯನ್ನು ನಂಬಿಕೊಳ್ಳಬೇಡಿ. ಪಂಜಾಬ್ ಸರಕಾರ ಎನ್‌ಆರ್‌ಐ ಕೋಟಾವನ್ನು ದೂರದ ಬಂಧುಗಳಿಗೂ ಹಿಗ್ಗಿಸಲು ಹೊರಟಾಗ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ.

ಆಪ್ಷನ್ ಎಂಟ್ರಿ ಮತ್ತು ಏಜೆಂಟರು

ಒಳ್ಳೆಯ ರ‍್ಯಾಂಕ್ ಪಡೆದೂ ಕೆಲವರು ಎಡವುವುದು ಆಪ್ಷನ್ ಎಂಟ್ರಿಯಲ್ಲಿ. ಕಂಪ್ಯೂಟರ್ ನಿಮ್ಮ ಮನಸ್ಸನ್ನು ಓದುವುದಿಲ್ಲ, ನೀವು ಬರೆದ ಕ್ರಮವನ್ನು ಮಾತ್ರ ಓದುತ್ತದೆ. ಮೊದಲು ಎಲ್ಲ ಸರಕಾರಿ ಕಾಲೇಜುಗಳನ್ನೂ ಖಾಸಗಿ ಕಾಲೇಜುಗಳ ಸರಕಾರಿ ಕೋಟಾದ ಸೀಟುಗಳನ್ನೂ ಸೇರಿಸಿ ನಿಮ್ಮ ಇಷ್ಟದ ಕ್ರಮದಲ್ಲಿ ಹಾಕಿ. ಇವೆರಡರಲ್ಲಿ ಯಾವುದು ಮೇಲೆ ಎಂಬುದು ಆಯಾ ಮನೆಗೆ ಬಿಟ್ಟದ್ದು. ಮನೆಯಿಂದಲೇ ಹೋಗಿಬರಲು ಸಾಧ್ಯವಿರುವ ಖಾಸಗಿ ಕಾಲೇಜಿನ ಸರಕಾರಿ ಸೀಟಿನಲ್ಲಿ ಶುಲ್ಕ ತುಸು ಹೆಚ್ಚಾದರೂ ಹಾಸ್ಟೆಲಿನ ಖರ್ಚು ಉಳಿಯಬಹುದು. ಬಳಿಕವಷ್ಟೇ ಖಾಸಗಿ ಕೋಟಾದ ಸೀಟುಗಳು, ಅದೂ ನಿಮಗೆ ನಿಜವಾಗಿ ಕಟ್ಟಲು ಸಾಧ್ಯವಿದ್ದರೆ. ಸಾಧ್ಯವಿಲ್ಲದ ಸೀಟನ್ನು "ಸುಮ್ಮನೆ ಇರಲಿ" ಎಂದು ಪಟ್ಟಿಗೆ ಸೇರಿಸಬೇಡಿ. ಅದು ಸಿಕ್ಕಿಬಿಟ್ಟರೆ ಬಿಡುವಾಗ ಠೇವಣಿ ಕಳೆದುಕೊಳ್ಳಬೇಕಾದೀತು, ಕೊನೆಯ ಸುತ್ತುಗಳಲ್ಲಾದರೆ ಇನ್ನೂ ದೊಡ್ಡ ದಂಡ.

ನೀಟ್ ಬರೆಯುವವರು ರಾಜ್ಯದ ಸೀಟಿಗಾಗಿ ಕೆಇಎಯಲ್ಲೂ ನೋಂದಾಯಿಸಬೇಕು, ಡೀಮ್ಡ್ ಮತ್ತು ಅಖಿಲ ಭಾರತ ಕೋಟಾಕ್ಕಾಗಿ ಎಂಸಿಸಿಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಎರಡರ ತಾರೀಕುಗಳೂ ಬೇರೆ ಬೇರೆ. ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದು ನೆರವಿಗೆ ಬರುವುದಿಲ್ಲ.

ಸೀಟು ಕೊಡಿಸುತ್ತೇವೆ ಎಂದು ಫೋನು ಮಾಡುವವರನ್ನು ನಂಬಲೇಬೇಡಿ. ಒಂದು ಕಾಲದಲ್ಲಿ ಕ್ಯಾಪಿಟೇಶನ್ ಎಂಬ ಪಿಡುಗು ಎಷ್ಟು ಬೆಳೆದಿತ್ತೆಂದರೆ ಅದನ್ನು ನಿಷೇಧಿಸಲು ಕರ್ನಾಟಕ 1984ರಲ್ಲಿ ಕಾನೂನೇ ಮಾಡಬೇಕಾಯಿತು. 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದ ತೀರ್ಪು ಕೊಟ್ಟದ್ದೂ ಕರ್ನಾಟಕದ ಒಂದು ಮೆಡಿಕಲ್ ಸೀಟಿನ ಹಣದ ವಿಷಯಕ್ಕೆ. ಈಗ ಎನ್‌ಆರ್‌ಐ ಸೀಟು ಸಹಿತ ಎಲ್ಲವೂ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗುತ್ತವೆ. ಹಣ ಪಡೆದು ಸೀಟು ತರುವ ಮಧ್ಯವರ್ತಿ ಎಂಬುವನಿಗೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ. ಅವನು ಕೇಳುವ ಮುಂಗಡ ಹೋದ ಹಣವೆಂದೇ ತಿಳಿಯಿರಿ.

ಸರಕಾರಿ ಸೀಟು ಸಿಗದಿದ್ದರೆ?

ಮೂರು ದಾರಿಗಳಿವೆ. ಮನೆಯ ಜೀವನಾಧಾರಕ್ಕೆ ಕೈ ಹಾಕದೆ ಖಾಸಗಿ ಶುಲ್ಕ ಕಟ್ಟಲು ಸಾಧ್ಯವಿರುವವರು ಕಟ್ಟಲಿ, ಅದರಲ್ಲಿ ತಪ್ಪೇನಿಲ್ಲ. ಸಾಲ ಮಾಡುವುದಾದರೆ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಬಗ್ಗೆ ಮೊದಲು ವಿಚಾರಿಸಿ. ಅದರ ಹೊರೆ ಬ್ಯಾಂಕ್ ಸಾಲದಷ್ಟು ಭಾರವಲ್ಲ.

ಎರಡನೆಯದು, ಇನ್ನೊಂದು ವರ್ಷ ಓದಿ ಮತ್ತೆ ನೀಟ್ ಬರೆಯುವುದು. ಕಟಾಫಿಗೆ ಹತ್ತಿರ ಬಂದು ತಪ್ಪಿದವರಿಗೆ, ಮತ್ತು ಮಗುವಿಗೇ ಮನಸ್ಸಿದ್ದರೆ, ಒಂದು ವರ್ಷ ಕೊಡುವುದು ನಲವತ್ತು ಲಕ್ಷ ಕೊಡುವುದಕ್ಕಿಂತ ಲೇಸು. ಆದರೆ ಎರಡು ಮೂರು ವರ್ಷ ಕೋಚಿಂಗ್ ಕೋಣೆಯಲ್ಲಿ ಕೂಡಿಹಾಕಬೇಡಿ. ಸೋತ ಮಗು ಊಟಕ್ಕೂ ಕೆಳಗೆ ಬಾರದ ಮನೆಗಳನ್ನು ನಾನು ನೋಡಿದ್ದೇನೆ.

ಮೂರನೆಯದು, ಬೇರೆ ಓದು. ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ತಂತ್ರಜ್ಞಾನ, ಹೋಮಿಯೋಪಥಿ, ಆಯುರ್ವೇದ ಇವು ಯಾವುವೂ ಸೋತವರ ದಾರಿಗಳಲ್ಲ. ರೋಗಿಯ ಪಕ್ಕದಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲುವವರು ನರ್ಸುಗಳೇ ಎಂಬುದು ಆಸ್ಪತ್ರೆಯಲ್ಲಿ ಮಲಗಿ ಬಂದ ಎಲ್ಲರಿಗೂ ಗೊತ್ತು.

ಧರ್ಮಕೇಂದ್ರಗಳು ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಾಗಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಒಂದು ರವಿವಾರ ಬಲಿಪೂಜೆಯ ಬಳಿಕ ದ್ವಿತೀಯ ಪಿಯುಸಿ ಮಕ್ಕಳ ಹೆತ್ತವರನ್ನು ಕೂರಿಸಿ ಪ್ರಮಾಣಪತ್ರಗಳ ಪಟ್ಟಿ ಕೊಡಬಹುದು. ನಾಡಕಚೇರಿಯ ಕೆಲಸ ಬಲ್ಲ ಒಬ್ಬರು ಪ್ರತಿ ವಾಳೆಯಲ್ಲೂ ಇದ್ದೇ ಇರುತ್ತಾರೆ. ಹಿಂದಿನ ಎರಡು ವರ್ಷಗಳ ಕಟಾಫ್ ಮತ್ತು ಶುಲ್ಕದ ಪಟ್ಟಿಯನ್ನು ಕೆಇಎ ಜಾಲತಾಣದಿಂದ ಇಳಿಸಿ ನೋಟಿಸ್ ಬೋರ್ಡಿಗೆ ಹಾಕಲು ಯುವಜನರಿಗೆ ಹೇಳಬಹುದು. ಧರ್ಮಕೇಂದ್ರದಿಂದ ಹೋಗಿ ವೈದ್ಯರಾದವರನ್ನು ಕರೆಸಿ ಒಂದು ಗಂಟೆ ಮಾತಾಡಿಸಬಹುದು. ಅವರು ಸನ್ಮಾನಕ್ಕಿಂತ ಇದಕ್ಕೆ ಸಂತೋಷದಿಂದ ಬರುತ್ತಾರೆ.

ಆರಂಭದಲ್ಲಿ ಹೇಳಿದ ಕುಟುಂಬದ ವಿಷಯ ಉಳಿಯಿತು. ಅಂದು ಅಪ್ಪ ಅಮ್ಮ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮಗಳು ಮಾತ್ರ ಸುಮ್ಮನೆ ಕುಳಿತಿದ್ದಳು. "ನಿನ್ನ ಮನಸ್ಸಿನಲ್ಲಿ ಏನುಂಟು?" ಎಂದು ಕೇಳಿದಾಗ ಅವಳು ತಂದೆಯ ಮುಖ ನೋಡಿ ಮೆಲ್ಲಗೆ ಹೇಳಿದಳು: "ನಾನು ಕಾರವಾರಕ್ಕೆ ಹೋಗ್ತೇನೆ ಫಾದರ್. ತೋಟ ಕೊಟ್ಟರೆ ನನಗೆ ಓದಲಿಕ್ಕೆ ಆಗುವುದಿಲ್ಲ. ಪ್ರತಿ ಪರೀಕ್ಷೆಗೂ ಅದೇ ನೆನಪಾಗ್ತದೆ." ತಾಯಿ ಅತ್ತರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ.

ಆಪ್ಷನ್ ಪಟ್ಟಿಯಿಂದ ಖಾಸಗಿ ಕೋಟಾದ ಸೀಟುಗಳನ್ನು ಅವರು ತೆಗೆದುಹಾಕಿದರು. ಕಾರವಾರದ ಸೀಟೇ ಸಿಕ್ಕಿತು. ಮೊದಲ ವರ್ಷ ಸುಲಭವಾಗಿರಲಿಲ್ಲ. ಮನೆಯ ನೆನಪು, ಹಾಸ್ಟೆಲಿನ ಊಟ, ರಜೆಯಲ್ಲಿ ರೈಲು ಹಿಡಿದು ಬರುವ ಕಷ್ಟ ಎಲ್ಲವೂ ಇದ್ದವು. ಈಗ ಅವಳು ವಾರ್ಡಿನಲ್ಲಿ ರೋಗಿಗಳನ್ನು ನೋಡುವ ಹಂತಕ್ಕೆ ಬಂದಿದ್ದಾಳೆ. ತೋಟ ಅಲ್ಲೇ ಇದೆ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ.

ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ರ‍್ಯಾಂಕ್ ಬೇರೆ, ಮನೆ ಬೇರೆ, ಮಗು ಬೇರೆ. ಆದರೆ ಮೂರು ಕೆಲಸ ಎಲ್ಲರೂ ಮಾಡಬಹುದು: ಸೀಟು ಯಾವ ಬಗೆಯದೆಂದು ಕೇಳಿ, ಒಟ್ಟು ಖರ್ಚನ್ನು ಬಡ್ಡಿ ಸಹಿತ ಕಾಗದದ ಮೇಲೆ ಬರೆಯಿರಿ, ಕೊನೆಗೆ ಓದಬೇಕಾದ ಮಗುವನ್ನು ಒಂದು ಮಾತು ಕೇಳಿ. ತೋಟದ ಕ್ರಯಪತ್ರಕ್ಕೆ ಸಹಿ ಹಾಕುವುದು ಅದರ ಬಳಿಕದ ಮಾತು.